ಹಿಮಾಲಯದ ಗಿಡ, ಮಾಳಮಡ್ಡಿಯ ಅಳಿಯ

ಲಿಂಬೆಹಣ್ಣನ್ನು ಅಡ್ಡಕ್ಕೆ ಕೊಯ್ದು ಬೋರಲು ಹಾಕಿದರೆ ಎಷ್ಟಾಗುತ್ತದೋ ಅಷ್ಟೇ ಇತ್ತು ಆ ಗಿಡ. ಅದಕ್ಕೆ ಕಾಂಡವಿಲ್ಲ, ಕೊಂಬೆಯಿಲ್ಲ, ಎಲೆ ಅಂತ ಇದ್ದರೆ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಬೇಕು. ಹಸಿರು ಬಣ್ಣದ ಒಂದು ಮುದ್ದೆ, ಅಷ್ಟೇ. ಇಂಥದ್ದೊಂದು ಮುದ್ದೆಗಾಗಿ ಒಬ್ಬ ಸಂಭಾವಿತ ಮನುಷ್ಯ ಇಡೀ ಒಂದು ತಿಂಗಳು ಮೊಸರು ಬಿಡಬೇಕು, ಓಣಿಯವರೊಂದಿಗೆ ಜಗಳಕ್ಕೆ ನಿಲ್ಲಬೇಕು, ಸುಡುಬಿಸಿಲಲ್ಲಿ ಗರಗದವರೆಗೆ ಓಡಬೇಕು ಎಂದರೆ ಅದನ್ನು ನ್ಯಾಯ ಅನ್ನುತ್ತಾರೆಯೇ? ಅನ್ನುವವರು ಅನ್ನಲಿ. ಕುಮಾರಸ್ವಾಮಿ ಅನ್ನುವುದಿಲ್ಲ.

ಕುಮಾರಸ್ವಾಮಿ ಹುಬ್ಬಳ್ಳಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಧಾರವಾಡದ ಮಾಳಮಡ್ಡಿಯಲ್ಲಿ ಸಾವಂತ್ರೆವ್ವ ಎಂಬ ಮುದುಕಿಯ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದ. ವಯಸ್ಸು ಮೂವತ್ತು ದಾಟಿತ್ತು. ಎತ್ತರ ಸ್ವಲ್ಪ ಕಡಿಮೆ, ಪಗಾರ ಇನ್ನೂ ಸ್ವಲ್ಪ ಕಡಿಮೆ. ಈ ಎರಡರಲ್ಲಿ ಯಾವುದೋ ಒಂದರ ದೆಸೆಯಿಂದ, ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಉಪ್ಪಿಟ್ಟು ತಿನ್ನಿಸಿ "ತಿಳಸ್ತೇವ್ರಿ" ಎಂದು ಕಳಿಸುತ್ತಿದ್ದರು. ಅವರು ಯಾರೂ ತಿಳಿಸುತ್ತಿರಲಿಲ್ಲ. ಇವನಿಗೇ ತಿಳಿಯುತ್ತಿತ್ತು.

ಹೀಗಿರುವಾಗ ಸಪ್ತಾಪುರದ ಸೌಂದರ್ಯಾ ಒಪ್ಪಿಬಿಟ್ಟಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹುಡುಗಿ. ಎಲ್ಲರೆದುರೇ "ನನಗೇನು ಅಡ್ಡಿ ಇಲ್ಲ" ಎಂದಳು. ಕುಮಾರಸ್ವಾಮಿ ಅಂದು ಉಪ್ಪಿಟ್ಟಿನ ಪ್ಲೇಟು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಿದ್ದ. ಇಂಥ ಮಾತು ಅವನು ಜೀವಮಾನದಲ್ಲಿ ಕೇಳಿರಲಿಲ್ಲ.

ಆದರೆ ಹುಡುಗಿ ಒಪ್ಪಿದರೆ ಮುಗಿಯಿತೇ? ಹುಡುಗಿಯ ತಂದೆ ಮಹಾಂತಯ್ಯನವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರು ಪಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. ಗಿಡ ಅಂದರೆ ಹೇಗೆ ಎಂದು ಕೇಳಿದರು. ಕುಮಾರಸ್ವಾಮಿಯ ಕೈಯಲ್ಲಿ ಬದುಕಿದ ಗಿಡ ಅಂತ ಒಂದೂ ಇರಲಿಲ್ಲ. ಯಾರೋ ಕೊಟ್ಟ ಮನಿಪ್ಲಾಂಟು ಕೂಡ ಅವನ ಮನೆಯಲ್ಲಿ ಎಂಟು ದಿನಕ್ಕೆ ಕೈಬಿಟ್ಟಿತ್ತು. ಆದರೆ ಎದುರಿಗೆ ಸೌಂದರ್ಯಾ ಕುಳಿತಿದ್ದಳು. ಗಿಡ ಅಂದರೆ ನನಗೆ ಜೀವ ಎಂದುಬಿಟ್ಟ.

ಮಹಾಂತಯ್ಯನವರು ಒಳಗೆ ಹೋಗಿ ಫ್ರಿಜ್ಜಿನಿಂದ ಒಂದು ಉದ್ದನೆಯ ಮಣ್ಣಿನ ಕುಂಡ ತಂದು ಅವನ ತೊಡೆಯ ಮೇಲಿಟ್ಟರು. ವಯಸ್ಸಿನಲ್ಲಿದ್ದಾಗ ಹಿಮಾಲಯ ಹತ್ತಿ, ಮರಗಳೆಲ್ಲ ಮುಗಿದ ಮೇಲಿನ ಬೋಳು ಬೆಟ್ಟದಿಂದ ಬೀಜ ತಂದು ಬೆಳೆಸಿದ ಗಿಡವಂತೆ. ಅಲ್ಲಿಯ ಗಾಳಿಗೆ ತಲೆ ಎತ್ತಿದರೆ ಕಿತ್ತುಕೊಂಡು ಹೋಗುತ್ತದೆಂದು ಅದು ಏಳುವುದೇ ಇಲ್ಲವಂತೆ, ನೆಲಕ್ಕೆ ಅಂಟಿಕೊಂಡು ಅಗಲವಾಗುತ್ತದಂತೆ. ಅದೂ ಹೇಗೆ? ವರ್ಷಕ್ಕೆ ಒಂದು ಸಾಸಿವೆ ಕಾಳಿನಷ್ಟು. ಬೇರು ಮಾತ್ರ ಮೊಳದುದ್ದ.

"ಹೆಚ್ಚೂ ಕಡಿಮಿ ನಿಮ್ಮ ವಾರಿಗೀದ, ಮೂವತ್ತು ವರ್ಷ ಆತು" ಎಂದರು ಮಹಾಂತಯ್ಯನವರು. "ನಾವು ನಿಮ್ಮ ಮನಿ ನೋಡಾಕ ಬರೂತನಕಾ ನಿಮ್ಮ ಹತ್ರ ಇರಲಿ. ಹೆಂಗ ಕೊಟ್ಟೇನಿ, ಹಂಗ ನನಗ ತೋರಸ್ರಿ. ಉಳದದ್ದು ಆಮ್ಯಾಲ ಮಾತಾಡೂಣು."

ಹುಡುಗಿಯ ತಾಯಿ ಮುರಿಗೆವ್ವ ಕುಂಡ ಹೊಸ್ತಿಲು ದಾಟುವವರೆಗೆ ನೋಡಿದರು, ಆಮೇಲೆ ಒಳಗೆ ಹೋದರು. ಫ್ರಿಜ್ಜಿನಲ್ಲಿ ದೊಡ್ಡ ಪಾತ್ರೆಯೊಂದನ್ನು ಇಟ್ಟ ಸದ್ದು ಕೇಳಿತು.

ಅಂದಿನಿಂದ ಕುಮಾರಸ್ವಾಮಿಯ ಬಾಳು ಬಾಳಲ್ಲ. ಬೆಳಗಿನ ಬಿಸಿಲು ಬೇಕು, ಆದರೆ ಕಾವು ಬೇಡ. ಅದಕ್ಕಾಗಿ ಕುಂಡವನ್ನು ಪರಾತದಲ್ಲಿಟ್ಟು ಸುತ್ತಲೂ ಐಸು ಹಾಕಿ ಕಿಟಕಿಯಲ್ಲಿಡಬೇಕು. ಬಿಸಿಲೇರಿದ ಮೇಲೆ ಫ್ರಿಜ್ಜಿಗೆ. ಅವನಿಗಿದ್ದದ್ದು ಓಣಿಯ ರಿಯಾಜ ಎಂಬ ಫ್ರಿಜ್ ರಿಪೇರಿಯವನಿಂದ ಕೊಂಡ ಹಳೇ ಫ್ರಿಜ್ಜು. ಕುಂಡ ಹಿಡಿಸಲು ಅದರ ಹಲಗೆ ಕಿತ್ತು, ಮೊಸರಿನ ಗಡಿಗೆಯನ್ನು ಹೊರಗೆ ಹಾಕಿದ್ದಾಯಿತು. ವೈಶಾಖದ ಧಗೆಗೆ ಮೊಸರು ಮಧ್ಯಾಹ್ನಕ್ಕೇ ಹುಳಿಯಾಗುತ್ತಿತ್ತು. ಊಟದ ಕೊನೆಗೆ ಮೊಸರನ್ನ ಇಲ್ಲದೆ ಏಳುವವನ ಸಿಟ್ಟು ಎಂಥದ್ದೆಂದು ಬಲ್ಲವರೇ ಬಲ್ಲರು. ಅವನು ಆ ಗಿಡವನ್ನು ಮನಸಾರೆ ದ್ವೇಷಿಸುತ್ತಿದ್ದ, ಮತ್ತು ಕಣ್ಣಿನ ರೆಪ್ಪೆಯಂತೆ ನೋಡಿಕೊಳ್ಳುತ್ತಿದ್ದ.

ಕೊನೆಗೂ ಆ ರವಿವಾರ ಬಂತು. ಸಂಜೆ ಐದಕ್ಕೆ ಬೀಗರು ಮನೆ ನೋಡಲು ಬರುವವರಿದ್ದರು. ಮನೆ ನೋಡುವುದೆಂದರೆ ಬರೀ ಗೋಡೆ, ನಲ್ಲಿ ನೋಡಿ ಹೋಗುವುದಲ್ಲ. ಹುಡುಗನನ್ನು ಒಳಗೆ ಕೂರಿಸಿ, ಓಣಿಯ ನಾಲ್ಕು ಜನರನ್ನು ಕಟ್ಟೆಯ ಮೇಲೆ ಮಾತಿಗೆಳೆದು, ಹುಡುಗ ಹೇಗೆ ಎಂದು ವಿಚಾರಿಸುವುದು. ಓಣಿಯವರು ತುಟಿ ಸೊಟ್ಟಗೆ ಮಾಡಿದರೂ ಸಾಕು, ಮದುವೆಯ ಅಕ್ಕಿಕಾಳು ಹಾಕುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೆಳಿಗ್ಗೆ ಸಾವಂತ್ರೆವ್ವ ಕೋಣೆ ಸಾರಿಸಿಕೊಡಲು ಬಂದವಳು ಕಿಟಕಿಯಲ್ಲಿದ್ದ ಗಿಡವನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲೋ ತಮ್ಮಾ, ತಂದಾಗ ಇಷ್ಟ ಇತ್ತು, ಈಗೂ ಇಷ್ಟ ಐತಿ. ಒಂದ ತಿಂಗಳಾತು. ಹುಡುಗ ಒಂದ ತಂಬಿಗಿ ನೀರು ಸೈತ ಹಾಕಿಲ್ಲ ಅನ್ನೂದಿಲ್ಲೇನ ಅವರು?"

ಬೆಳೆಯದೆ ಇರುವುದೇ ಅದರ ಧರ್ಮ ಎಂದು ಕುಮಾರಸ್ವಾಮಿ ತಿಳಿಸಿ ಹೇಳಿದ. ವರ್ಷಕ್ಕೆ ಒಂದು ಸಾಸಿವೆ ಕಾಳು ಎಂದರೆ ತಿಂಗಳಿಗೆ ಎಷ್ಟಾಯಿತು ನೀನೇ ಲೆಕ್ಕ ಹಾಕು ಎಂದ. ಸಾವಂತ್ರೆವ್ವ ಲೆಕ್ಕ ಹಾಕಲಿಲ್ಲ. ಗಿಡ ಅಂದಮೇಲೆ ಬೆಳೆಯಬೇಕು, ಬೆಳೆಯದಿದ್ದರೆ ಅದಕ್ಕೆ ಕಲ್ಲು ಅನ್ನುತ್ತಾರೆ ಎಂದಳು. ಅಷ್ಟೇ ಅಂದಿದ್ದರೆ ಪಾಡಿತ್ತು. ಕಸಬರಿಗೆ ಅಲ್ಲೇ ಬಿಟ್ಟು ಓಣಿಗೆ ಹೋದಳು.

ಮಾಳಮಡ್ಡಿಯ ಓಣಿಯಲ್ಲಿ ಒಂದು ಸುದ್ದಿ ಈ ತುದಿಯಿಂದ ಆ ತುದಿಗೆ ಹೋಗಲು ಚಹಾ ಕುದಿಯುವಷ್ಟು ಹೊತ್ತೂ ಬೇಡ. ಕುಮಾರಸ್ವಾಮಿಗೆ ಮಾವ ಕೊಟ್ಟ ಗಿಡ ಬೆಳೆದೇ ಇಲ್ಲವಂತೆ, ಸಂಜೆಗೆ ಮದುವೆ ಮುರಿಯುತ್ತದಂತೆ ಎಂದು ಎಲ್ಲರಿಗೂ ತಿಳಿಯಿತು. ಪಾಪ, ಎಷ್ಟು ವರ್ಷದ ಮೇಲೆ ಒಂದು ಹುಡುಗಿ ಒಪ್ಪಿದ್ದಾಳೆ. ಓಣಿಯ ಮರ್ಯಾದೆಯ ಪ್ರಶ್ನೆ. ಎಲ್ಲರೂ ಟೊಂಕ ಕಟ್ಟಿದರು.

ಮೊದಲು ಬಂದವರು ಗಿರಿಯಪ್ಪ. ಮಾರ್ಕೆಟ್ಟಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ಜಗತ್ತಿನ ಯಾವ ಕಷ್ಟವೂ ಒಂದು ಹಿಡಿ ಯೂರಿಯಾದಿಂದ ಪರಿಹಾರವಾಗುತ್ತದೆ ಎಂದು ನಂಬಿದವರು. ಆ ಹಿಡಿಯನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ಕುಮಾರಸ್ವಾಮಿ ಬಾಗಿಲಲ್ಲೇ ಅವರ ಕೈ ಹಿಡಿದ.

"ಕಾಕಾ, ಇದು ಗೋವಿನಜ್ವಾಳ ಅಲ್ರಿ."

"ಹಸರ ಐತಿಲ್ಲೋ? ಹಸರ ಇದ್ದದ್ದಕ್ಕೆಲ್ಲಾ ನಡೀತೈತಿ. ಸಂಜಿಗೆ ನೋಡು, ಕುಂಡ ಸಾಲೂದಿಲ್ಲ."

"ಎಲ್ಲಾನೂ ಸಬ್ಬಸಗಿ ಪಲ್ಯೆದಂಗ ಎಂಟ ದಿನದಾಗ ಬೆಳೀಬೇಕೇನ್ರಿ? ಕೆಲವೊಂದು ಸಾವಕಾಶ ಬೆಳೀತಾವು. ಅದು ಅವುಗಳ ಹಣೇಬರಾ, ತಪ್ಪಲ್ಲ."

ಇದನ್ನು ಹೇಳುವಾಗ, ಸಂಘದಲ್ಲಿ ಸೇರಿದ ದಿನ ಕುಳಿತ ಕುರ್ಚಿಯಲ್ಲೇ ಇವತ್ತಿಗೂ ಕುಳಿತಿದ್ದ ಕುಮಾರಸ್ವಾಮಿಗೆ, ತಾನು ಗಿಡದ ಪರವಾಗಿ ಮಾತಾಡುತ್ತಿದ್ದೇನೋ ತನ್ನ ಪರವಾಗಿಯೋ ಗೊತ್ತಾಗಲಿಲ್ಲ. ಗಿರಿಯಪ್ಪ ಕೈ ಬಿಡಿಸಿಕೊಳ್ಳಲು ಜಗ್ಗಿದರು, ಇವನು ಬಿಡಲಿಲ್ಲ. ಯೂರಿಯಾ ಇಬ್ಬರ ತಲೆಯ ಮೇಲೂ ಅಕ್ಷತೆಯಂತೆ ಬಿತ್ತು. ಗಿರಿಯಪ್ಪ ಮೀಸೆ ಕೊಡವಿಕೊಂಡು, ಒಳ್ಳೆಯದಕ್ಕೆ ಕಾಲವಿಲ್ಲ ಎಂದು ಹೊರಟುಹೋದರು.

ಈ ಗದ್ದಲದಲ್ಲಿ ಎದುರುಮನೆಯ ಶಹಜಹಾನಬೇಗಂ ಹಿತ್ತಲಿನಿಂದ ಬಂದು, ಗಿಡಕ್ಕೆ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿಯ ಹೊಗೆ ಹಾಕಲು ಕೆಂಡ ಹೊತ್ತಿಸುತ್ತಿದ್ದಳು. ಅವಳನ್ನು ಕೈಮುಗಿದು ಹೊರಗೆ ಕಳಿಸಿ ತಿರುಗುವಷ್ಟರಲ್ಲಿ, ಸಾವಂತ್ರೆವ್ವ ಅಕ್ಕಿ ತೊಳೆದ ನೀರನ್ನು ತಂಬಿಗೆ ತುಂಬ ತಂದು ಗಿಡದ ನೆತ್ತಿಯ ಮೇಲೆ ಬೋರಲು ಹಾಕಿ, ಮಗುವಿಗೆ ಹಾಲು ಕುಡಿಸಿದಂಥ ತೃಪ್ತಿಯಿಂದ ನಿಂತಿದ್ದಳು.

ಕುಮಾರಸ್ವಾಮಿಗೆ ತಲೆ ಕೆಟ್ಟಿತು. ಹೆಚ್ಚು ನೀರು ನಿಂತರೆ ಈ ಗಿಡ ಕೊಳೆಯುತ್ತದೆಂದು ಮಹಾಂತಯ್ಯನವರು ಎರಡೆರಡು ಸಲ ಹೇಳಿದ್ದರು. ಅವನು ಕುಂಡವನ್ನು ವಾಲಿಸಿ, ನೀರು ಬಸಿದು, ಟವೆಲ್ಲಿನಿಂದ ಮಣ್ಣನ್ನು ಒತ್ತಿ ಒತ್ತಿ ಒರೆಸುತ್ತ, ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟ. ನಿಮಗೆಲ್ಲ ಬೇರೆ ಕೆಲಸವಿಲ್ಲವೇ ಎಂದ. ನನ್ನ ಮದುವೆ ಕೆಡಿಸಲು ಓಣಿಗೆ ಓಣಿಯೇ ನಿಂತಿದೆ ಎಂದ. ಸಾವಂತ್ರೆವ್ವ ಖಾಲಿ ತಂಬಿಗೆ ಹಿಡಿದುಕೊಂಡು, ಕಣ್ಣಂಚು ಸೆರಗಿನಿಂದ ಒತ್ತಿಕೊಳ್ಳುತ್ತ ಹೋದಳು. ಹೋದ ಮೇಲೆ ಅವನಿಗೆ ಹೊಳೆಯಿತು, ಸಂಜೆ ಕಟ್ಟೆಯ ಮೇಲೆ ಕುಳಿತು ತನ್ನ ಬಗ್ಗೆ ಹೇಳಬೇಕಾದವರು ಇವರೇ ಮೂವರು.

ಅದನ್ನು ಯೋಚಿಸಿ ಹೆದರಲೂ ಪುರುಸೊತ್ತು ಸಿಗಲಿಲ್ಲ. ಕರೆಂಟು ಹೋಯಿತು.

ಒಂದು ತಾಸು ಕಾದ. ಫ್ರಿಜ್ಜಿನಿಂದ ನೀರು ಇಳಿಯತೊಡಗಿತು. ಇದ್ದ ಐಸೆಲ್ಲ ಕರಗಿ ಪರಾತದಲ್ಲಿ ಬೆಚ್ಚಗಿನ ನೀರು ನಿಂತಿತು. ಗಿಡದ ಒಂದು ಬದಿ ಮಂಕಾದಂತೆ ಕಂಡಿತು. ಕಂಡಿತೋ ಇಲ್ಲವೋ, ಕುಮಾರಸ್ವಾಮಿ ಕುಂಡವನ್ನು ಎದೆಗವಚಿಕೊಂಡು, ಮೇಲೊಂದು ಛತ್ರಿ ಹಿಡಿದು, ಸ್ಟೇಶನ್ ರಸ್ತೆಯಲ್ಲಿದ್ದ ರಿಯಾಜನ ಅಂಗಡಿಗೆ ಓಡಿದ. ಆ ಕಡೆ ಕರೆಂಟಿತ್ತು. ರಿಪೇರಿಯಾದ ಫ್ರಿಜ್ಜೊಂದು ಪರೀಕ್ಷೆಗೆಂದು ಗುಂಯ್‌ಗುಡುತ್ತಿತ್ತು. ರಿಯಾಜ ಕುಂಡವನ್ನು ಅದರೊಳಗಿಟ್ಟು, ಗಿಡ ಇಲ್ಲಿ ತಂಪಾಗಿರುತ್ತದೆ, ನೀವು ಹೋಗಿ ಸ್ನಾನ ಮಾಡಿ ಬನ್ನಿ, ತಲೆಯಲ್ಲಿ ಯೂರಿಯಾ ಇದೆ ಎಂದ.

ಕುಮಾರಸ್ವಾಮಿ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಮರಳಿ ಬರುವಷ್ಟರಲ್ಲಿ ಫ್ರಿಜ್ಜು ಅಂಗಡಿಯಲ್ಲಿರಲಿಲ್ಲ. ರಿಯಾಜ ನಮಾಜಿಗೆ ಹೋದ ಹೊತ್ತಿನಲ್ಲಿ ಅವನ ಅಣ್ಣ ಶಾಹಿದ ಟೆಂಪೋ ತಂದು, ರಿಪೇರಿಯಾದದ್ದು ಇದೇ ಅಲ್ಲವೇ ಎಂದು ಹೇರಿಕೊಂಡು ಫ್ರಿಜ್ಜಿನ ಮಾಲೀಕರ ಊರು ಗರಗಕ್ಕೆ ಹೊರಟುಬಿಟ್ಟಿದ್ದ. ಫೋನು ಹಚ್ಚಿದರೆ ಅದು ಅಂಗಡಿಯ ಮೇಜಿನ ಮೇಲೇ ರಿಂಗಣಿಸಿತು. ಗಾಡಿ ಓಡಿಸುವಾಗ ಫೋನು ಮುಟ್ಟಬಾರದೆಂದು ಶಾಹಿದ ಅದನ್ನು ಬಿಟ್ಟು ಹೋಗುವವನಂತೆ. ಶಿಸ್ತಿನ ಮನುಷ್ಯ.

ಇಬ್ಬರೂ ರಿಯಾಜನ ಬೈಕು ಹತ್ತಿದರು. ಮೇಲಿನ ಬಿಸಿಲು ನೆತ್ತಿ ಸುಡುತ್ತಿತ್ತು, ಕೆಳಗಿನ ಡಾಂಬರು ಪಾದ ಸುಡುತ್ತಿತ್ತು. ದಾರಿಯುದ್ದಕ್ಕೂ ಕುಮಾರಸ್ವಾಮಿ ತಾನು ಬೆಳಿಗ್ಗೆ ಯಾರಿಗೆ ಏನೇನು ಅಂದೆ ಎಂದು ಹೇಳಿಕೊಂಡು ಹಲುಬಿದ. ಗಿಡವಂತೂ ಹೋಯಿತು, ಗಿಡ ಉಳಿದರೂ ಓಣಿಯವರು ತನ್ನನ್ನು ಉಳಿಸುವುದಿಲ್ಲ ಎಂದ. ರಿಯಾಜ ತಿರುಗಿ ನೋಡದೆ, ಓಣಿಯವರನ್ನು ನನಗೆ ಬಿಡಿ ಎಂದ.

ಗರಗದ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಹೊಸ ಟ್ರ್ಯಾಕ್ಟರಾಗಲಿ ರಿಪೇರಿಯಾಗಿ ಬಂದ ಫ್ರಿಜ್ಜಾಗಲಿ, ಮನೆಗೆ ಬಂದ ಯಂತ್ರಕ್ಕೆ ಪೂಜೆಯಾಗದೆ ಬಟನ್ ಒತ್ತುವವರಲ್ಲ ಅವರು. ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೊಂದು ಕುಂಡ ಕಂಡಿದೆ. ರಿಪೇರಿಯವರು ಶುಭವಾಗಲೆಂದು ಹಸಿರು ಇಟ್ಟು ಕಳಿಸಿದ್ದಾರೆ, ಎಷ್ಟು ತಿಳಿದವರು ಎಂದು ಮನೆಯ ಹಿರಿಯಳು ಮೆಚ್ಚಿಕೊಂಡು, ಕುಂಡಕ್ಕೆ ವಿಭೂತಿ ಬಳಿದು, ಗಿಡದ ನೆತ್ತಿಗೆ ಕುಂಕುಮವಿಟ್ಟು, ಊದಿನಕಡ್ಡಿಯನ್ನು ಅದರ ಪಕ್ಕದಲ್ಲೇ ಮಣ್ಣಿಗೆ ಚುಚ್ಚಿದ್ದಳು. ಕಾಯಿ ಒಡೆಯಲು ಮಗ ಕೈಯೆತ್ತಿದ್ದ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ತೆಂಗಿನ ನೀರೂ ಗಿಡಕ್ಕೇ.

ಕುಮಾರಸ್ವಾಮಿ ಜನರ ನಡುವೆ ನುಗ್ಗಿ ಊದಿನಕಡ್ಡಿ ಕಿತ್ತು ಒಗೆದ. ಪೂಜೆಗಿಟ್ಟದ್ದನ್ನು ಕಿತ್ತುಕೊಂಡವನನ್ನು ಗರಗದವರು ಸುಮ್ಮನೆ ಬಿಡುವವರಲ್ಲ, ಅಂಗಿಯ ಕಾಲರಿಗೆ ಕೈ ಬಂತು, ಒಂದು ಗುಂಡಿಯೂ ಹೋಯಿತು. ಇದು ಮದುವೆಯ ಗಿಡ, ಇದು ಹೋದರೆ ಹುಡುಗಿ ಹೋಗುತ್ತಾಳೆ ಎಂದು ರಿಯಾಜ ಬಿಡಿಸಿ ಹೇಳಿದ ಮೇಲೆ ಅದೇ ಜನ ಮೆತ್ತಗಾದರು. ಹಿರಿಯಳು ಮನೆಯ ಖಾದಿ ಪಂಚೆಯೊಂದನ್ನು ಕೊಡದ ತಣ್ಣೀರಿನಲ್ಲಿ ಅದ್ದಿ ಕುಂಡಕ್ಕೆ ಸುತ್ತಿ ಕೊಟ್ಟಳು. ಕುಮಾರಸ್ವಾಮಿ ಗಿಡದ ಮೇಲಿನ ಕುಂಕುಮವನ್ನು ಊದಿ ಊದಿ ತೆಗೆದ. ಎಲೆಗೆ ಏನೂ ಆಗಿರಲಿಲ್ಲ. ಹಿಮಾಲಯದ ಗಾಳಿಗೆ ಜಗ್ಗದ್ದು ಗರಗದ ಊದಿನಕಡ್ಡಿಗೆ ಜಗ್ಗೀತೇ?

ಅತ್ತ ರಿಯಾಜ ಮೂಲೆಯಲ್ಲಿ ನಿಂತು ಮಾಳಮಡ್ಡಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದ. ಮರಳುವಾಗ ಕುಮಾರಸ್ವಾಮಿಯ ಜೇಬಿನಲ್ಲಿ ಅವನ ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ಎರಡೂ ಕೈ ಕುಂಡದ ಮೇಲಿದ್ದವು. ಮಹಾಂತಯ್ಯನವರು ಹೊರಟಿರಬೇಕು ಎಂದುಕೊಂಡು ರಿಯಾಜನಿಗೆ ಇನ್ನೂ ಜೋರಾಗಿ ಓಡಿಸಲು ಹೇಳಿದ.

ಮನೆ ಮುಟ್ಟಿದಾಗ ಐದು ದಾಟಿತ್ತು. ಕಟ್ಟೆಯ ಮೇಲೆ ಚಾಪೆ ಹಾಸಿ ಮಹಾಂತಯ್ಯನವರು, ಮುರಿಗೆವ್ವ ಕುಳಿತಿದ್ದರು. ಅವರ ಹಿಂದೆ ಸೌಂದರ್ಯಾ. ಎದುರಿಗೆ ಸಾವಂತ್ರೆವ್ವ, ಗಿರಿಯಪ್ಪ, ಶಹಜಹಾನಬೇಗಂ. ವಿಚಾರಣೆ ನಡೆದೇಬಿಟ್ಟಿತ್ತು. ಕುಮಾರಸ್ವಾಮಿ ಕುಂಡ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತ.

ಆಗ ಅವನ ಕಿವಿಗೆ ಸಾವಂತ್ರೆವ್ವನ ಮಾತು ಬಿತ್ತು. ಹುಡುಗ ಅಪರಂಜಿ ಎನ್ನುತ್ತಿದ್ದಳು ಮುದುಕಿ. ಗಿಡಕ್ಕೆ ಜಾಗ ಆಗಲೆಂದು ಮೊಸರಿನ ಗಡಿಗೆಯನ್ನು ಹೊರಗಿಟ್ಟ, ತಿಂಗಳಿನಿಂದ ಒಂದು ಹನಿ ಮೊಸರು ಮುಟ್ಟಿಲ್ಲ ಎಂದಳು. ಗಿರಿಯಪ್ಪ ಗಂಟಲು ಸರಿಮಾಡಿಕೊಂಡು, ಗಿಡಕ್ಕೆ ಕೈ ಹಚ್ಚಲು ಹೋದದ್ದಕ್ಕೆ ನನ್ನಂಥ ಹಿರಿಯನ ಕೈಯನ್ನೇ ತಿರುವಿದ, ಅಂಥ ಮಮತೆ ಎಂದರು. ರಾತ್ರಿ ಎದ್ದೆದ್ದು ಬ್ಯಾಟರಿ ಹಿಡಿದು ಫ್ರಿಜ್ಜು ತೆಗೆದು ನೋಡುತ್ತಾನೆ, ನಮ್ಮ ಕಿಟಕಿಗೆ ಕಾಣುತ್ತದೆ ಎಂದಳು ಶಹಜಹಾನಬೇಗಂ. ಕುಮಾರಸ್ವಾಮಿಗೆ ಕಣ್ಣು ತುಂಬಿ ಬಂತು. ಬೆಳಿಗ್ಗೆ ಅಂದದ್ದನ್ನೆಲ್ಲ ನುಂಗಿಕೊಂಡು ಈ ಜನ ತನಗಾಗಿ ನಿಂತಿದ್ದರು. ರಿಯಾಜ ಬೈಕು ನಿಲ್ಲಿಸಿ ಬಂದು ತನ್ನ ಪಾಲನ್ನೂ ಸೇರಿಸಿದ, ಈ ಬಿಸಿಲಲ್ಲಿ ಗಿಡದ ಬೆನ್ನು ಹತ್ತಿ ಗರಗಕ್ಕೆ ಹೋಗಿ ಹೊಡೆತ ತಿಂದು ಬಂದಿದ್ದಾರೆ, ಬೇಕಾದರೆ ಕಾಲರು ನೋಡಿ ಎಂದ.

ಮಹಾಂತಯ್ಯನವರು ಎದ್ದು ಬಂದು ಕುಂಡ ಇಸಿದುಕೊಂಡರು. ಜೇಬಿನಿಂದ ಭೂತಗನ್ನಡಿ ತೆಗೆದು, ಖಾದಿ ಸರಿಸಿ, ಸುತ್ತಲೂ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ಒಂದ ಎಲಿ ಬಾಡಿಲ್ಲ" ಎಂದರು. "ನಾನೂ ಇಷ್ಟು ಛಲೋ ನೋಡಿಕೊಂಡಿಲ್ಲ."

ಗೆದ್ದೆ ಎಂದುಕೊಂಡ ಕುಮಾರಸ್ವಾಮಿ. ಸೌಂದರ್ಯಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಮುಂದೆ ಮುರಿಗೆವ್ವ ಚಹಾ ಕುಡಿಯದೆ ಕಪ್ಪನ್ನು ಹಾಗೇ ಪಕ್ಕಕ್ಕೆ ಸರಿಸಿದರು.

"ಎಲ್ಲಾ ಕೇಳಿದೆ" ಎಂದರು ಮುರಿಗೆವ್ವ. ದನಿ ಏರಲಿಲ್ಲ. "ನನ್ನ ಮದುವಿ ಆದ ವರ್ಷನ ಇವರು ಆ ಗಿಡದ ಬೀಜ ಹಾಕಿದ್ರು. ಅವತ್ತಿನಿಂದ ನನ್ನ ಮನ್ಯಾಗ ಹಾಲು ಇಡಾಕ ಜಾಗ ಇಲ್ಲ. ಒಂದ ಊರಿಗೆ ಹೋಗಿಲ್ಲ, ಒಂದ ಮದುವಿಗೆ ವಸ್ತಿ ಉಳದಿಲ್ಲ. ಈ ಮಗಳನ್ನ ಹಡಿಯೂ ಮುಂದ ನಾ ದವಾಖಾನ್ಯಾಗ ಬ್ಯಾನಿ ತಿನ್ನಾಕತ್ತಿದ್ದೆ, ಇವರು ಬರಲಿಲ್ಲ. ಯಾಕ ಹೇಳ್ರಿ? ಕರೆಂಟ್ ಹೋಗಿತ್ತು. ಐಸ್ ತರಾಕ ಹುಬ್ಬಳ್ಳಿಗೆ ಹೋಗಿದ್ರು."

 ಮಹಾಂತಯ್ಯನವರು ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಇವತ್ತ ಬೀಗರು ಮನಿಗೆ ಬರೂ ದಿನ. ಹುಡುಗ ಬಾಗಲದಾಗ ನಿಂತು ಬರ್ರಿ ಅನ್ನಬೇಕು. ಅಂವ ಗಿಡದ ಬೆನ್ನ ಹತ್ತಿ ಗರಗಕ್ಕ ಹೋಗ್ಯಾನ. ನಾಳಿ ನನ್ನ ಮಗಳು ದವಾಖಾನ್ಯಾಗ ಇದ್ದಾಗ ಇಂವ ಎಲ್ಲಿಗೆ ಹೋಗ್ತಾನ? ಗಿಡ ಕಂಡ್ರ ಜೀವ ಬಿಡೂ ಒಬ್ಬ ಮನಶ್ಯಾನ ಜೋಡಿ ನಾ ಬಾಳೇ ಮಾಡೇನಿ. ನನ್ನ ಮಗಳು ಮಾಡೂದು ಬ್ಯಾಡ."

ಕುಮಾರಸ್ವಾಮಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಿಂಗಳಿನಿಂದ ಒಳಗೆ ಕಟ್ಟಿಟ್ಟುಕೊಂಡದ್ದು ಒಂದೇ ಸಲಕ್ಕೆ ಹೊರಗೆ ಬಂತು.

"ನನಗ ಗಿಡ ಕಂಡ್ರ ಆಗೂದಿಲ್ರಿ! ಈ ಗಿಡ ಅಂದ್ರ ಮೈಯೆಲ್ಲಾ ಉರೀತೈತಿ. ಮೊಸರು ಬಿಟ್ಟೇನಿ, ನಿದ್ದಿ ಬಿಟ್ಟೇನಿ, ನಿಮ್ಮ ಮಗಳ ಸಲುವಾಗಿ ಮಾಡೇನಿ. ಗಿಡ ಹಾಳಾಗಿ ಹೋಗಲಿ, ನನಗೇನು?"

ಇದು ನಿಜ. ಅವನು ಆ ದಿನ ಆಡಿದ ಮೊದಲ ಪೂರ್ತಿ ನಿಜ. ಮುರಿಗೆವ್ವನವರ ಹಣೆಯ ಗಂಟು ಸ್ವಲ್ಪ ಸಡಿಲವಾಯಿತು ಕೂಡ. ಆದರೆ ಓಣಿ ಬಿಡಬೇಕಲ್ಲ. ಹುಡುಗ ಬಿಸಿಲಿಗೆ ಬಡಬಡಿಸುತ್ತಿದ್ದಾನೆ, ಬಂದ ಸಂಬಂಧವನ್ನು ಕೈಯಾರೆ ಕೆಡಿಸಿಕೊಳ್ಳುತ್ತಿದ್ದಾನೆ ಎಂದು ಸಾವಂತ್ರೆವ್ವನಿಗೆ ಜೀವ ತಡೆಯಲಿಲ್ಲ. ಮುರಿಗೆವ್ವನವರ ಕೈ ಹಿಡಿದುಕೊಂಡಳು.

"ಸುಳ್ಳ ಹೇಳಾಕತ್ತಾನ್ರೀ ಯವ್ವಾ, ನಂಬಬ್ಯಾಡ್ರಿ. ಆ ಗಿಡದಾಗ ಇವನ ಪ್ರಾಣ ಐತಿ. ಮುಂಜಾನೆ ಅದಕ್ಕ ಒಂದ ತಂಬಿಗಿ ನೀರು ಹಾಕಿದ್ದಕ್ಕ ನನಗ, ಹಡದ ತಾಯಿಯಂಥಾಕಿಗೆ, ಏನೇನ ಅಂದಾನ ಕ್ಯಾಳ್ರಿ."

ಹೌದು ಹೌದು ಎಂದರು ಗಿರಿಯಪ್ಪ. ಹೌದು ಎಂದಳು ಶಹಜಹಾನಬೇಗಂ. ರಿಯಾಜ ಕುಮಾರಸ್ವಾಮಿಯ ಹೆಗಲ ಮೇಲೆ ಕೈ ಹಾಕಿ, ನಾಚಿಕೊಳ್ಳಬೇಡಿ ಕುಮಾರಣ್ಣ ಎಂದ. ಮುರಿಗೆವ್ವ ಸೆರಗು ಹೊದ್ದು ಎದ್ದರು. ಹೋಗುವಾಗ ಗಂಡನಿಗೆ ಒಂದೇ ಮಾತು ಹೇಳಿದರು, ಆ ಕುಂಡ ಇಲ್ಲೇ ಇರಲಿ, ಮತ್ತೆ ನನ್ನ ಹೊಸ್ತಿಲು ದಾಟಕೂಡದು.

ಸೌಂದರ್ಯಾ ಗೇಟಿನ ಹತ್ತಿರ ಚಪ್ಪಲಿ ಹುಡುಕುವವಳಂತೆ ಹಿಂದೆ ಉಳಿದಳು. ಅವಳ ಮೂಗಿನ ತುದಿ ಕೆಂಪಗಾಗಿತ್ತು. ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು.

"ಎಷ್ಟ ಸಲ ಫೋನ್ ಹಚ್ಚಿದೆ. ಅವ್ವ ಇವತ್ತ ಮುಂಜಾನೆ ಬಾಯಿ ಬಿಟ್ಲು, ಗಿಡದ ಹುಚ್ಚಿದ್ರ ಈ ಹುಡುಗ ಬ್ಯಾಡ ಅಂತ. ಅಪ್ಪಾಗ ನಾ ಏನರೆ ಹೇಳಿ ಒಪ್ಪಸ್ತಿದ್ದೆ. ಅವ್ವನ್ನ ಒಪ್ಪಸಾಕ ಯಾರ ಕೈಲೂ ಆಗೂದಿಲ್ಲ." ಚಪ್ಪಲಿ ಮೆಟ್ಟಿಕೊಂಡಳು. "ಅಷ್ಟ್ಯಾಕ ಛಲೋ ನೋಡಿಕೊಂಡ್ರಿ? ಒಂದೀಟು ಒಣಗಿಸಬಾರದಿತ್ತೇನ್ರಿ?"

ಅವಳು ಹೋದಳು. ಕುಮಾರಸ್ವಾಮಿ ಕಟ್ಟೆಯ ಮೇಲೆ ಕುಳಿತ. ಯೂರಿಯಾ ಹಿಡಿದ ಕೈಯನ್ನು ತಡೆದವನು ಅವನೇ. ಹೊಗೆಯನ್ನು ತಡೆದವನೂ ಅವನೇ. ಗರಗದಲ್ಲಿ ಕಾಯಿ ಒಡೆಯುವುದನ್ನು ಗುಂಡಿ ಕಿತ್ತುಕೊಂಡು ನಿಲ್ಲಿಸಿದವನೂ ಅವನೇ. ಇಡೀ ಓಣಿ, ಅರ್ಧ ಗರಗ, ಅವನ ಮದುವೆ ಮಾಡಿಸಲು ಬೆಳಗಿನಿಂದ ಹೆಣಗಿತ್ತು. ಒಬ್ಬರಿಗೂ ಅವನು ಅವಕಾಶ ಕೊಡಲಿಲ್ಲ. ಓಣಿಯವರು ಒಬ್ಬೊಬ್ಬರೇ ಬಂದು ಬೆನ್ನು ತಟ್ಟಿ, ಗಿಡವಾದರೂ ಉಳಿಯಿತಲ್ಲ ಎಂದು ಸಮಾಧಾನ ಹೇಳಿ ಹೋದರು. ಅಂದವರ ಬಾಯಿಗೆ ಅವನು ಆ ಹೊತ್ತಿನಲ್ಲಿ ಏನು ಬೇಕಾದರೂ ತುರುಕುವವನಿದ್ದ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಅದರ ಹಿಂದೆಯೇ ಮಹಾಂತಯ್ಯನವರು ಒಬ್ಬರೇ ಬಂದರು. ಕುಮಾರಸ್ವಾಮಿ ಧಡಕ್ಕನೆ ಎದ್ದ. ಮನೆಯಲ್ಲಿ ಮಾತಾಡಿ ಒಪ್ಪಿಸಿ ಬಂದಿರಬೇಕು ಎಂದು ಕುರ್ಚಿ ಹಾಕಿದ. ಅವರು ಕುರ್ಚಿಯಲ್ಲಿ ಕೂರದೆ ನೇರ ಫ್ರಿಜ್ಜಿನ ಕಡೆ ಹೋದರು.

ಅವನು ಹಿಂದಿನಿಂದಲೇ ಕೇಳಿದ, "ಸರ, ನೀವರೆ ಒಂದ ಮಾತು ಹೇಳಬಹುದಿತ್ತಲ್ರಿ. ನೀವು ಗಟ್ಟಿ ನಿಂತಿದ್ರ ಅವರು ಇಲ್ಲ ಅಂತಿದ್ದಿಲ್ಲ."

"ಅಂತಿದ್ದಿಲ್ಲ" ಎಂದು ಮಹಾಂತಯ್ಯನವರು ಒಪ್ಪಿಕೊಂಡರು. "ನಾ ಹೂಂ ಅಂದು ಕುಂತಿದ್ರ ಅಕಿ ಕಡೀಕ ಒಪ್ತಿದ್ಲು. ಆ ಮಾತು ಬಾಯಿತನಾ ಬಂದಿತ್ತು. ಆದ್ರ ಕುಮಾರಸ್ವಾಮಿ, ನೀವ ವಿಚಾರ ಮಾಡ್ರಿ. ಸೌಂದರ್ಯಾ ಅವ್ವನ ಮಗಳು. ಮದುವಿ ಆಗಿ ಈ ಮನಿಗೆ ಬಂದ ಮರುದಿನ ಫ್ರಿಜ್ಜಿನಾಗ ಹಾಲು, ಗಿಡ ಅಂಗಳದಾಗ. ಅಕಿಗೆ ಬ್ಯಾರೆ ಹುಡುಗ ಸಿಗತಾನ. ಇದಕ್ಕ ನಿಮ್ಮಂಥಾವರು ಎಲ್ಲಿ ಸಿಗತಾರ?"

ಎಂದು ಹೇಳಿ, ಫ್ರಿಜ್ಜಿನ ಬಾಗಿಲು ತೆಗೆದು, ತಮ್ಮ ಮನೆಯಲ್ಲಿ ಉಳಿದ ಇಂಥವೇ ಹನ್ನೊಂದು ಕುಂಡಗಳಿಗೆ ಒಳಗೆ ಎಷ್ಟು ಜಾಗವಿದೆಯೆಂದು ಗೇಣು ಹಾಕಿ ಅಳೆಯತೊಡಗಿದರು.